ಮೂರನೇ ಚರಣದ ನಲವತ್ತೆರಡು ಸೆಕೆಂಡು

ಸೋಮವಾರ ಬೆಳಿಗ್ಗೆ ಬಾಯಲ್ಲಿ ಬ್ರಷ್, ಕೈಯಲ್ಲಿ ಫೋನ್ ಹಿಡಿದು ನಿಂತಿದ್ದಾಗ ಆ ಮೇಲ್ ಬಂತು. ಹೆಸರಿಗೆ ಮೇಲ್, ಓದಿದವನು ಮಾತ್ರ ಕೆಳಕ್ಕೆ ಕುಸಿದೆ.

“ನೀವು ನಮ್ಮ ತಾಣಕ್ಕೆ ಏರಿಸಿರುವ ಹಾಡಿನ ಮೇಲೆ ಹಕ್ಕುದಾರರೊಬ್ಬರು ಹಕ್ಕು ಕೇಳಿದ್ದಾರೆ. ಏಳು ದಿನಗಳೊಳಗೆ ಸಹಿ ಮಾಡಿದ ಉತ್ತರ ಬಾರದಿದ್ದರೆ ಹಾಡು ಅವರದೆಂದು ದಾಖಲಾಗುತ್ತದೆ. ಹಕ್ಕುದಾರರ ವಿವರ ಗೋಪ್ಯ.”

ಪೇಸ್ಟ್ ನುಂಗಿಬಿಟ್ಟೆ.

ಆ ಹಾಡು ಯಾವ ಕಂಪನಿಯದೂ ಅಲ್ಲ, ನಮ್ಮಮ್ಮನದು. ಅಮ್ಮ ಶಾಲಾ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಮಷೀನ್ ತುಳಿದವಳು. ಮುಗಿಯದ ಕೆಲಸ ಮನೆಗೂ ಬರುತ್ತಿತ್ತು. ಕಾಜಾ ಹೊಲಿಯುತ್ತಾ ಬೇಸರ ಕಳೆಯಲು ತಾನೇ ಕಟ್ಟಿಕೊಂಡ ಹಾಡು ಅದು: ‘ದಾರವೇ ದಾರವೇ ದಾರಿ ತಪ್ಪಬೇಡ, ಸೂಜಿಯ ಕಣ್ಣು ಸಣ್ಣದು...’ ಒಟ್ಟು ಮೂರು ಚರಣ. ಒಂದು ದಾರಕ್ಕೆ, ಒಂದು ಗುಂಡಿಗೆ, ಮೂರನೆಯದು ಅಕ್ಕನಿಗೆ. ನನಗೆ ಚರಣವಿಲ್ಲ. ಕೇಳಿದರೆ, “ನೀನು ಹುಟ್ಟೋ ಹೊತ್ತಿಗೆ ಹಾಡು ಮುಗಿದುಹೋಗಿತ್ತು ಕಣೋ” ಅಂತಿದ್ದಳು.

ಎರಡು ವರ್ಷದ ಹಿಂದೆ ಅಮ್ಮ ಹೋದಳು. ಮನೆಯಲ್ಲಿದ್ದ ಒಂದೇ ಒಂದು ಕ್ಯಾಸೆಟ್ಟಿನಿಂದ ಆ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಸದ್ದು ತೊಳೆದು, ಆ ತಾಣಕ್ಕೆ ಏರಿಸಿದವನು ನಾನು. ಲಿಂಕ್ ಇದ್ದವರಿಗೆ ಮಾತ್ರ ಕೇಳಿಸುವಂತೆ ಬೀಗ ಹಾಕಿದ್ದೆ. ಲಿಂಕ್ ಇದ್ದದ್ದು ಎರಡೇ ಕಡೆ. ಒಂದು, ಅಕ್ಕನ ಫೋನ್. ಅಕ್ಕ ನಮ್ಮ ಕಟ್ಟಡದಲ್ಲೇ ನನಗಿಂತ ಎರಡು ಮಹಡಿ ಕೆಳಗಿದ್ದಾಳೆ, ಆಸ್ಪತ್ರೆಯಲ್ಲಿ ನರ್ಸ್. ದಿನಾ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಕೇಳುತ್ತಾ ಹೋಗುತ್ತಾಳೆ. ಮೂರನೇ ಚರಣ ಬಂದಾಗ ಕಿಟಕಿ ಕಡೆ ಮುಖ ತಿರುಗಿಸುತ್ತೇನೆ ಅಂತ ಒಮ್ಮೆ ಹೇಳಿದ್ದಳು. ಅವಳನ್ನು ಸಂಶಯದ ಪಟ್ಟಿಯಿಂದ ಆಗಲೇ ಬಿಟ್ಟೆ. ಒಡಹುಟ್ಟಿದವಳು, ಪಟ್ಟಿ ಮಾಡುವವನಿಗೂ ಒಂದು ಮರ್ಯಾದೆ ಇರಬೇಕಲ್ಲ.

ಉಳಿದದ್ದು ಕಟ್ಟೆ.

ಕಟ್ಟೆ ಅಂದರೆ ಇಂಟರ್ನೆಟ್ಟಿನಲ್ಲಿ ನಾವು ಕೆಲವರು ಕೂತು ವಾದ ಮಾಡುವ ಜಾಗ. ದಿನಬಳಕೆಯ ಯಂತ್ರಗಳೇ ವಿಷಯ. ಮೈಕ್ರೋವೇವ್ ಕೆಲಸ ಮುಗಿಸಿದಾಗ ಮೂರು ಸಲ ಕಿರುಚಬೇಕಾ, ಒಂದು ಸಲ ಸಾಕಾ, ಇದಕ್ಕೆ ನೂರಾ ನಲವತ್ತು ಉತ್ತರ ಬಂದಿದ್ದವು. ಚಾರ್ಜರ್ ವೈರನ್ನು ಸುತ್ತಿಡುವುದೋ ಮಡಚಿಡುವುದೋ ಎಂಬುದಕ್ಕೆ ಇಬ್ಬರು ಮಾತು ಬಿಟ್ಟಿದ್ದರು. ಸದಸ್ಯರು ಹದಿನೆಂಟು ಜನ, ಅದರಲ್ಲಿ ಹದಿನಾಲ್ಕು ಜನ ಪಾಸ್‌ವರ್ಡ್ ಮರೆತವರು. ಉಳಿದ ನಾಲ್ವರಲ್ಲಿ ನಾನೊಬ್ಬ. ಅಲ್ಲಿ ನನ್ನ ಹೆಸರು ಗಿಳಿ.

ಇನ್ನೊಬ್ಬರು ತಿರುಪು. ರೇಡಿಯೋ ರಿಪೇರಿ ಮಾಡಿ ನಿವೃತ್ತರಾದವರು. ಯಾವ ವಾದವನ್ನಾದರೂ ‘ಅಲ್ಲಾ ಸ್ವಾಮಿ’ ಅಂತ ಶುರು ಮಾಡಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಕೊನೆಗೆ ನಮ್ಮ ತಲೆಯೊಳಗೇ ಬಿಗಿ ಮಾಡುತ್ತಾರೆ. “ಅಲ್ಲಾ ಸ್ವಾಮಿ, ವಾಷಿಂಗ್ ಮಷೀನಿಗೆ ಹಾಡು ಯಾಕೆ? ಬಟ್ಟೆ ಒಗೆದದ್ದಕ್ಕೆ ಕಚೇರಿ ನಡೆಸಬೇಕಾ?”

ಮೂರನೆಯವರು ಕಾಯಿದೆ ಅಕ್ಕ. ಗ್ರಂಥಾಲಯದಲ್ಲಿ ಕೆಲಸ. “ಒಂದನೆಯದಾಗಿ, ಆ ರಾಗವನ್ನು ಯಾರೋ ಕಟ್ಟಿದ್ದಾರೆ. ಎರಡನೆಯದಾಗಿ, ಕಟ್ಟಿದವರಿಗೆ ಹಕ್ಕಿದೆ. ಮೂರನೆಯದಾಗಿ, ತಿರುಪು ಅವರಿಗೆ ಸಂಗೀತದ ಗಂಧ ಇಲ್ಲ.” ಆರು ವರ್ಷದಿಂದ ಇಬ್ಬರೂ ಹಾವು ಮುಂಗುಸಿ.

ನಾಲ್ಕನೆಯದು ಸೈಲೆಂಟ್ ಮೋಡ್. ನಾವೆಲ್ಲ ಮೋಡ ಅಂತಲೇ ಕರೆಯುತ್ತೇವೆ. ಸೇರಿ ವರ್ಷವಾಯಿತು, ಒಂದು ಹನಿ ಮಾತಿಲ್ಲ. ಯಾರೇನೇ ಬರೆದರೂ ಹೆಬ್ಬೆರಳಿನ ಗುರುತು ಒತ್ತುವುದು, ಅಷ್ಟೆ. ಗುಡುಗದ ಮೋಡಕ್ಕೆ ನಾನು ಮೊದಲಿನಿಂದಲೂ ಹೆದರುತ್ತಿದ್ದೆ.

ವರ್ಷದ ಹಿಂದೆ ‘ಹಳೇ ಕ್ಯಾಸೆಟ್ ಉಳಿಸುವುದು ಹೇಗೆ’ ಎಂಬ ಚರ್ಚೆಯಲ್ಲಿ ಜಂಬ ತಡೆಯಲಾಗದೆ ಅಮ್ಮನ ಹಾಡಿನ ಲಿಂಕ್ ಹಾಕಿದ್ದೆ. ಈಗ ಅದೇ ಜಂಬ ತಿರುಗಿ ಜಪ್ಪಿತು. ಈ ಮೂವರಲ್ಲೊಬ್ಬರು ನಮ್ಮಮ್ಮನ ಹಾಡಿಗೆ ಕೈ ಹಾಕಿದ್ದಾರೆ. ಯಾರು?

ಮಧ್ಯಾಹ್ನ ಮೂರಕ್ಕೆ, ತಡವಾಗಿ ಸಿಕ್ಕ ಊಟದ ಬಿಡುವಿನಲ್ಲಿ ಕಟ್ಟೆಯಲ್ಲಿ ಬರೆದೆ. ಯಾರ ಮೇಲೂ ಬೆರಳು ತೋರಿಸಲಿಲ್ಲ, ಬೆರಳು ಮಡಚಿಟ್ಟುಕೊಂಡೇ ಬರೆದೆ. ‘ಹಕ್ಕಿಗೇ ಹಕ್ಕಿಲ್ಲ ಅಂದರೆ ಹೇಗೆ? ಗಿಳಿಯ ತಾಯಿಯ ಹಾಡನ್ನು ಯಾರೋ ತಮ್ಮದು ಅಂತಿದ್ದಾರೆ. ಏನು ಮಾಡಲಿ?’

ಮೋಡ ಹೆಬ್ಬೆರಳು ಒತ್ತಿತು. ಮೈ ಉರಿಯಿತು. ಕಳ್ಳತನಕ್ಕೂ ಮೆಚ್ಚುಗೆಯಾ?

ಕಾಯಿದೆ ಅಕ್ಕ ಕೂಡಲೇ ಬಂದರು. “ಒಂದನೆಯದಾಗಿ, ಹಾಡು ಕಟ್ಟಿದವರು ತೀರಿಕೊಂಡರೆ ಹಕ್ಕು ಮಕ್ಕಳಿಗೆ, ಸಮಪಾಲು. ಎರಡನೆಯದಾಗಿ, ಉತ್ತರದ ನಮೂನೆಯಲ್ಲಿ ಆರನೇ ಪ್ರಶ್ನೆ ಸರಿಯಾಗಿ ಓದಿ: ‘ಈ ಮುದ್ರಣದಲ್ಲಿರುವ ಧ್ವನಿ ಆದಿಯಿಂದ ಅಂತ್ಯದವರೆಗೆ ಒಬ್ಬರದೇ? ಅಲ್ಲವಾದರೆ ಯಾವ ಭಾಗ ಯಾರದು?’ ಸುಳ್ಳು ಬರೆದು ಸಹಿ ಮಾಡಿದರೆ ಹಾಡೂ ಹೋಗುತ್ತದೆ, ಮಾನವೂ ಹೋಗುತ್ತದೆ.”

ಆರನೇ ಪ್ರಶ್ನೆ ಓದಿ ಊಟದ ಡಬ್ಬಿ ಮುಚ್ಚಿದೆ. ಅಷ್ಟರಲ್ಲಿ ತಿರುಪು ಬಂದರು.

“ಅಲ್ಲಾ ಸ್ವಾಮಿ, ಆ ಹಾಡು ಈಗ ಇನ್ನೊಮ್ಮೆ ಕೇಳಿದೆ. ಮೊದಲೆರಡು ಚರಣ ಚೆನ್ನಾಗಿದೆ. ಮೂರನೇ ಚರಣ ನಲವತ್ತೆರಡು ಸೆಕೆಂಡು, ನಿಮ್ಮ ತಾಯಿ ಒಂದೇ ಒಂದು ಸಲ ಉಸಿರು ತೆಗೆದುಕೊಂಡಿಲ್ಲ. ಹೊಲಿಗೆ ಮಷೀನ್ ತುಳಿಯುತ್ತಾ ಹಾಡುವ ಹೆಂಗಸು ಅಷ್ಟು ಹೊತ್ತು ಉಸಿರು ಹಿಡಿದಳಾ? ಇದು ಕಂಪ್ಯೂಟರಿನಲ್ಲಿ ಹೇಳಿಸಿದ ಹಾಡಲ್ಲವೇ?”

ಸಂಶಯ ಪಡಲು ಹೊರಟವನು ಐದೇ ನಿಮಿಷದಲ್ಲಿ ಸಂಶಯದ ಬೆಂಚಿನ ಮೇಲೆ ಕೂತಿದ್ದೆ.

ಕಂಪ್ಯೂಟರ್ ಅಲ್ಲ. ಅದಕ್ಕಿಂತ ಕೆಟ್ಟದ್ದು. ಅದು ನಾನು.

ಆಗ ನನಗೆ ಹನ್ನೆರಡು ವರ್ಷ. ಯಾರ ಧ್ವನಿ ಕೇಳಿದರೂ ನನ್ನ ಗಂಟಲು ತುರಿಸುತ್ತಿತ್ತು. ಒಂದು ಭಾನುವಾರ ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ನಮ್ಮ ಹೆಡ್‌ಮಾಸ್ಟರ್ ಥರ ಗದರಿಸಿದ್ದೆ. ಒಳಗಿದ್ದದ್ದು ಅಮ್ಮನ ಕ್ಯಾಸೆಟ್ ಅಂತ ನೋಡಿರಲಿಲ್ಲ. ಮೂರನೇ ಚರಣ ಅಳಿಸಿಹೋಗಿ ಆ ಜಾಗದಲ್ಲಿ ಹೆಡ್‌ಮಾಸ್ಟರ್ ಕೂತುಬಿಟ್ಟರು. ಯಾರಿಗೂ ಹೇಳಲಿಲ್ಲ. ಅಮ್ಮ ಬದುಕಿದ್ದಾಗ ಕ್ಯಾಸೆಟ್ ಕೇಳುವ ಅಗತ್ಯ ಯಾರಿಗಿತ್ತು? ಅಡುಗೆಮನೆಯಿಂದಲೇ ಹಾಡು ಬರುತ್ತಿತ್ತು.

ಅಮ್ಮ ಹೋದ ಮೇಲೆ ಅಕ್ಕ ಕೇಳಿದ್ದು ಅದೊಂದೇ. “ನನ್ನ ಚರಣ ಇದೆಯಾ?” ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. ಮಾತುಗಳು ನನಗೆ ನೆನಪಿದ್ದವು, ಧ್ವನಿಯೂ ಇತ್ತು. ಆಫೀಸಿನ ಧ್ವನಿಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಮ್ಮನಾಗಿ ಹಾಡಿದೆ, ಕ್ಯಾಸೆಟ್ಟಿನ ಕರಕರ ಸದ್ದು ಬೆರೆಸಿ ಜೋಡಿಸಿದೆ. “ಕೆಟ್ಟುಹೋಗಿತ್ತು ಅಕ್ಕಾ, ಹೊಸ ಟೆಕ್ನಾಲಜಿಯಿಂದ ಎತ್ತಿದೆ” ಅಂದೆ. ಅವಳು ಅತ್ತಳು. ಆ ಅಳುವಿನ ಮುಂದೆ ಸತ್ಯ ಹೇಳುವ ದಮ್ಮು ನನ್ನಲ್ಲಿರಲಿಲ್ಲ.

ಉಸಿರು ಯಾಕೆ ಹೋಯಿತು ಅಂದರೆ ಅದು ನನ್ನ ಕಸುಬಿನ ಕೈ. ನಾನು ಲಿಫ್ಟುಗಳಿಗೆ, ಪಾರ್ಕಿಂಗ್ ಯಂತ್ರಗಳಿಗೆ ಧ್ವನಿ ಕೊಡುವವನು. ‘ಮೂರನೇ ಮಹಡಿ. ಬಾಗಿಲು ತೆರೆಯುತ್ತಿದೆ.’ ಅದು ನಾನೇ. ಕೆಲಸಕ್ಕೆ ಸೇರಿದ ಮೊದಲ ದಿನವೇ ಯಜಮಾನರು ಹೇಳಿಕೊಟ್ಟದ್ದು, “ಲಿಫ್ಟ್ ಉಸಿರಾಡಬಾರದು. ಉಸಿರಾಡಿದ್ರೆ ಒಳಗಿರೋರು ಹೆದರ್ತಾರೆ.” ಹಾಗಾಗಿ ಮುದ್ರಣ ಮುಗಿದ ಕೂಡಲೇ ಎರಡು ಮಾತಿನ ನಡುವಿನ ಉಸಿರನ್ನೆಲ್ಲ ಕತ್ತರಿಸಿ ತೆಗೆಯುವುದು ಹನ್ನೊಂದು ವರ್ಷದ ಅಭ್ಯಾಸ. ಅಮ್ಮನ ಚರಣಕ್ಕೂ ಕೈ ತಾನಾಗಿ ಅದನ್ನೇ ಮಾಡಿತ್ತು. ನಾನು ಗಮನಿಸಿರಲೂ ಇಲ್ಲ.

ಈಗ ಎರಡೂ ಕಡೆ ಕತ್ತರಿ. ಉತ್ತರ ಬರೆಯದಿದ್ದರೆ ಅಮ್ಮನ ಹಾಡು ಯಾರೋ ಪರಕೀಯನ ಹೆಸರಿಗೆ. ನಿಜ ಬರೆದು ಸಹಿ ಮಾಡಿದರೆ ಅದು ದಾಖಲೆಯಾಗಿ ಹಾಡಿನ ಕೆಳಗೆ ಕೂರುತ್ತದೆ, ಅಕ್ಕ ಬಸ್ಸಿನಲ್ಲಿ ಓದುತ್ತಾಳೆ.

ಮಂಗಳವಾರ, ಬುಧವಾರ ಕಳೆದವು. ಧ್ವನಿಕೋಣೆಯಲ್ಲಿ ಕೂತು ‘ದಯವಿಟ್ಟು ನಿಮ್ಮ ಚೀಟಿಯನ್ನು ಯಂತ್ರಕ್ಕೆ ತೋರಿಸಿ’ ಎಂಬುದನ್ನು ಹದಿನಾಲ್ಕು ಸಲ ಹೇಳಿದೆ.

“ಏನಾಯ್ತಯ್ಯಾ ಇವತ್ತು?” ಯಜಮಾನರು ಗಾಜಿನಾಚೆಯಿಂದ ಕೇಳಿದರು. “ಚೀಟಿ ಕೇಳೋ ಹಾಗಿಲ್ಲ, ವಿಚಾರಣೆ ಮಾಡೋ ಹಾಗಿದೆ.”

ನಿಜಕ್ಕೂ ನನ್ನ ತಲೆಯಲ್ಲಿ ವಿಚಾರಣೆಯೇ ನಡೆಯುತ್ತಿತ್ತು. ಉಸಿರಿನ ವಿಷಯ ಎತ್ತಿದ್ದು ತಿರುಪು. ಅಷ್ಟು ಸೂಕ್ಷ್ಮವಾಗಿ ಕೇಳಿದವನೇ ಹಕ್ಕೂ ಕೇಳಿರಬೇಕು. ಆದರೆ ಸಮಪಾಲು, ಆರನೇ ಪ್ರಶ್ನೆ ಅಂತೆಲ್ಲ ಮೊದಲೇ ತಯಾರಾಗಿ ನಿಂತಂತೆ ಕಾಯಿದೆ ಅಕ್ಕ ಹೇಗೆ ಹೇಳಿದರು? ನಮೂನೆ ಅವರ ಕೈಯಲ್ಲೇ ಇತ್ತಾ? ಇನ್ನು ಆ ಮೋಡ, ಬಿಡಿ, ಅದರ ಹೆಬ್ಬೆರಳು ನೆನೆದರೇ ಸಿಟ್ಟು ಬರುತ್ತಿತ್ತು.

ಗುರುವಾರ ಒಂದು ಉಪಾಯ ಹೊಳೆಯಿತು. ಬಾಯಿಂದ ಯಾರನ್ನು ಬೇಕಾದರೂ ಆಡಿ ತೋರಿಸುವವನಿಗೆ ಬೆರಳಿನಿಂದ ಆಗುವುದಿಲ್ಲವೇ? ಕಾಯಿದೆ ಅಕ್ಕನ ಹೆಸರಿಗೆ ಒಂದು ಚುಕ್ಕಿ ಸೇರಿಸಿ ಹೊಸ ಖಾತೆ ತೆರೆದೆ. ಅವರ ಶೈಲಿಯಲ್ಲೇ ತಿರುಪು ಅವರಿಗೆ ಗುಟ್ಟಿನ ಸಂದೇಶ ಕಳಿಸಿದೆ.

“ಒಂದನೆಯದಾಗಿ, ನನ್ನ ಹಳೇ ಪಾಸ್‌ವರ್ಡ್ ಕಳೆದಿದೆ, ಇದು ಹೊಸ ಖಾತೆ. ಎರಡನೆಯದಾಗಿ, ಗಿಳಿಯ ಹಾಡಿನ ಮೇಲೆ ಹಕ್ಕು ಕೇಳಿದ್ದು ನೀವೇ ಎಂದು ನನಗೆ ಗೊತ್ತು. ಮೂರನೆಯದಾಗಿ, ನಾನು ಯಾರಿಗೂ ಹೇಳುವುದಿಲ್ಲ.”

ನನ್ನ ಕಲೆಗೆ ನಾನೇ ತಲೆದೂಗಿದೆ. ಎರಡು ನಿಮಿಷಕ್ಕೆ ಉತ್ತರ ಬಂತು.

“ಅಲ್ಲಾ ಗಿಳಿರಾಯರೇ, ಕಾಯಿದೆ ಅಕ್ಕ ನನ್ನ ಹೆಂಡತಿ. ಪಕ್ಕದ ಕುರ್ಚಿಯಲ್ಲೇ ಕೂತಿದ್ದಾಳೆ. ಪಾಸ್‌ವರ್ಡ್ ಕಳೆದಿಲ್ಲ ಅಂತ ತಿಳಿಸಲು ಹೇಳಿದಳು. ಇದು ನನ್ನ ನಂಬರು, ಮನುಷ್ಯರ ಹಾಗೆ ಫೋನ್ ಮಾಡಿ.”

ಭೂಮಿ ಬಾಯಿಬಿಡಲಿಲ್ಲ, ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆಫೀಸಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ.

“ಬನ್ನಿ ಬನ್ನಿ ಗಿಳಿ,” ಮುದಿ ದನಿ, ನಗು ತಡೆದುಕೊಂಡದ್ದು ಗೊತ್ತಾಗುತ್ತಿತ್ತು. “ಹೇಗೆ ಗೊತ್ತಾಯ್ತು ನೀವೇ ಅಂತ ಕೇಳಲ್ವಾ? ಹೆಂಡತಿ ನನಗೆ ‘ನೀವು’ ಅಂತ ಮರ್ಯಾದೆ ಕೊಟ್ಟು ಮೂವತ್ತು ವರ್ಷ ಆಯ್ತು.”

“ಕಟ್ಟೇಲಿ ಕೊಡ್ತೀನಲ್ಲಾ!” ಹಿಂದಿನಿಂದ ಹೆಣ್ಣುದನಿ.

“ಕಟ್ಟೇಲಿ ಕೊಡ್ತಾಳೆ. ಅದಕ್ಕೇ ದಿನಾ ಅಲ್ಲಿಗೆ ಹೋಗೋದು ನಾನು.”

“ಆರು ವರ್ಷದಿಂದ ಹಾಗೆ ಜಗಳ ಆಡ್ತೀರಲ್ಲ!” ಅಂದೆ.

“ಮನೇಲಿ ಆಡಿದ್ರೆ ಪಾತ್ರೆ ಸದ್ದು ಜಾಸ್ತಿ. ಅಲ್ಲಿ ಆದ್ರೆ ಬರೀ ಅಕ್ಷರ.” ಆಮೇಲೆ ಅವರ ದನಿ ಇಳಿಯಿತು. “ನೋಡಪ್ಪಾ, ಹಕ್ಕು ಕೇಳಿದ್ದು ನಾವಲ್ಲ. ನಮಗ್ಯಾಕೆ ನಿಮ್ಮಮ್ಮನ ಹಾಡು? ಆದ್ರೆ ಉಸಿರಿನ ವಿಷಯ ನಾನಾಗಿ ಕಂಡುಹಿಡಿದದ್ದಲ್ಲ. ಮೂರು ವಾರದ ಹಿಂದೆ ಆ ಮೋಡ ನನಗೊಂದು ಸಂದೇಶ ಕಳಿಸಿತ್ತು.”

“ಮೋಡ? ಮಾತಾಡ್ತಾ?”

“ಒಂದೇ ಸಾಲು. ‘ಹಾಡುತ್ತಾ ನಲವತ್ತೆರಡು ಸೆಕೆಂಡು ಉಸಿರಿಲ್ಲದೆ ಇರಲು ಆಗುತ್ತದೆಯೇ?’ ಅಂತ. ಯಾವ ಹಾಡು ಅಂತ ಹೇಳಿರಲಿಲ್ಲ. ಆಗಲ್ಲ, ಮಷೀನ್ ಇರಬೇಕು ಅಂದೆ. ಸೋಮವಾರ ನೀನು ಬರೆದ ಮೇಲೆ ತಾಳೆ ಹಾಕಿ ಕೇಳಿದೆ.”

“ಕೊಡು ಇಲ್ಲಿ,” ಕಾಯಿದೆ ಅಕ್ಕ ಫೋನ್ ಕಿತ್ತುಕೊಂಡರು. “ಒಂದ್ನೇದಾಗಿ, ಬೇರೆಯವರ ಹೆಸರಲ್ಲಿ ಖಾತೆ ತೆರೆಯೋದು ತಪ್ಪು. ಎರಡನೇದಾಗಿ, ಅದೇ ಮೋಡ ನಂಗೂ ಬರೆದಿತ್ತು, ‘ತಾಯಿಯ ಹಾಡಿನ ಮೇಲೆ ಮಕ್ಕಳಲ್ಲಿ ಯಾರಿಗೆ ಹಕ್ಕು?’ ಅಂತ. ನಮೂನೇನ ಓದಿ ಉತ್ತರ ಕೊಟ್ಟಿದ್ದೆ. ಮೂರನೇದಾಗಿ...” ಅವರು ನಿಂತರು. ಕಟ್ಟೆಯಲ್ಲಿ ಅವರು ಮೂರನೆಯದರಲ್ಲಿ ನಿಂತದ್ದನ್ನು ನಾನು ಕಂಡಿರಲಿಲ್ಲ. “ಮೂರನೇದಾಗಿ, ನಿನಗೆ ಒಡಹುಟ್ಟಿದವರು ಯಾರಾದ್ರೂ ಇದಾರೇನಪ್ಪಾ?”

ಫೋನ್ ಇಟ್ಟ ಮೇಲೆ ಕಟ್ಟೆ ತೆರೆದು ಮೋಡದ ಹೆಬ್ಬೆರಳುಗಳನ್ನೆಲ್ಲ ಹಿಂದಿನಿಂದ ನೋಡುತ್ತಾ ಹೋದೆ. ಬೆಳಿಗ್ಗೆ ಆರೂ ಹತ್ತರಿಂದ ಆರೂ ನಲವತ್ತು. ಮಧ್ಯಾಹ್ನ ಎರಡೂ ಮುಕ್ಕಾಲರಿಂದ ಮೂರೂ ಕಾಲು. ಅಕ್ಕನ ಬಸ್ಸಿನ ಹೊತ್ತು. ಅಕ್ಕ ಜ್ವರ ಬಂದು ಮಲಗಿದ್ದ ವಾರ ಒಂದೂ ಹೆಬ್ಬೆರಳಿಲ್ಲ. ಮರ್ಯಾದೆಗೆಂದು ಪಟ್ಟಿಯಿಂದ ಬಿಟ್ಟವಳೇ ಪಟ್ಟಿಯ ತುಂಬಾ ಇದ್ದಳು.

ಶನಿವಾರ ಅವಳಿಗೆ ರಜೆ. ಭಾವ ಕೆಲಸಕ್ಕೆ ಹೋಗುವುದನ್ನು ಬಾಲ್ಕನಿಯಿಂದ ನೋಡಿಕೊಂಡು, ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದೆ. ಲಿಫ್ಟಿನಲ್ಲಿ ಹೋಗಿದ್ದರೆ ನನ್ನದೇ ಧ್ವನಿ ‘ಕೆಳಗೆ ಹೋಗುತ್ತಿದೆ’ ಅಂತ ಸಾರುತ್ತಿತ್ತು. ಅಷ್ಟು ಹೊತ್ತಿಗೆ ಅದು ನನಗೇ ಗೊತ್ತಿತ್ತು.

ಅಕ್ಕ ಇಸ್ತ್ರಿ ಹಾಕುತ್ತಿದ್ದಳು. ತಲೆಯೆತ್ತದೆಯೇ, “ಬಾ ಗಿಳಿ,” ಅಂದಳು.

“ಹಾಗಾದ್ರೆ ಮೋಡ ನೀನೇನಾ?”

“ಊಟಕ್ಕೆ ಬಂದಾಗ್ಲೂ ಕಟ್ಟೆ ತೆರೆದಿಟ್ಕೊಂಡು ಕೂರೋನು ನೀನು, ಹೆಸರು ಓದಿ ನಾನೂ ಸೇರ್ಕೊಂಡೆ. ಬಾಗಿಲು ಹಾಕು. ಪಕ್ಕದ ಮನೆಯೋರು ಬಂದು ಅವರೂ ಪಾಲು ಕೇಳ್ತಾರೆ.”

“ಅಲ್ಲಕ್ಕಾ, ನನ್ನನ್ನೇ ಕೇಳಬಹುದಿತ್ತಲ್ಲ. ಅದ್ಯಾವುದೋ ತಾಣಕ್ಕೆ ಹೋಗಿ, ತಮ್ಮನ ಮೇಲೇ...”

“ಮೂರು ಸಲ ಕೇಳ್ದೆ.” ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಮೊದಲ್ನೇ ಸಲ ‘ಟೆಕ್ನಾಲಜಿ ಅಕ್ಕಾ’ ಅಂದೆ. ಎರಡನೇ ಸಲ ನಿಮ್ಮ ಭಾವನ ಗೊರಕೆ ಮಾಡಿ ತೋರ್ಸಿ ನಗಿಸಿಬಿಟ್ಟೆ. ಮೂರನೇ ಸಲ ನಮ್ಮ ದೊಡ್ಡ ಡಾಕ್ಟರ್ ಥರ ಮಾತಾಡಿ ತಪ್ಪಿಸ್ಕೊಂಡೆ. ನಿನ್ನ ಹತ್ರ ನೂರು ಬಾಯಿ ಇದೆ ಕಣೋ. ಅದರಲ್ಲಿ ನಿಂದು ಯಾವ್ದು ಅಂತ ಹುಡುಕೋದು ಹೇಗೆ? ಸಹಿ ಹಾಕು ಅಂದ್ರಾದ್ರೂ ಒಂದು ಬಾಯಿ ತೆರೀತೀಯೇನೋ ಅಂತ ಆ ಕೆಲಸ ಮಾಡಿದೆ.”

“ಯಾವಾಗ ಗೊತ್ತಾಯ್ತು?”

“ವಾರ್ಡ್‌ನಲ್ಲಿ ನನ್ನ ಕೆಲಸ ಏನು? ಗಡಿಯಾರ ನೋಡ್ಕೊಂಡು ಉಸಿರು ಎಣಿಸೋದು. ಅಭ್ಯಾಸ. ಬಸ್ಸಲ್ಲಿ ಅಮ್ಮನ್ನೂ ಎಣಿಸಿದೆ. ದಾರದ ಚರಣದಲ್ಲಿ ಎಂಟು. ಗುಂಡಿ ಚರಣದಲ್ಲಿ ಒಂಬತ್ತು. ನನ್ನ ಚರಣದಲ್ಲಿ ಸೊನ್ನೆ. ಉಸಿರು ಸೊನ್ನೆ ಅಂದ್ರೆ ನಮ್ಮ ವಾರ್ಡ್‌ನಲ್ಲಿ ಏನರ್ಥ ಗೊತ್ತಾ ನಿಂಗೆ?”

ಗೊತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಕೆಂಪು ಗುಂಡಿ, ಹೆಡ್‌ಮಾಸ್ಟರ್, ಧ್ವನಿಕೋಣೆ. ಯಾರ ದನಿಯನ್ನೂ ಮಾಡದೆ ಅಷ್ಟುದ್ದ ಮಾತಾಡಿದ್ದು ನನಗೇ ವಿಚಿತ್ರವೆನಿಸಿತು. ಅಕ್ಕ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

“ಅಂದ್ರೆ ಒಂದೂವರೆ ವರ್ಷ ದಿನಾ ಬಸ್ಸಲ್ಲಿ ನಿನ್ನ ದನಿ ಕೇಳಿ ಕಣ್ಣು ಒರೆಸ್ಕೊಂಡೆ,” ಅಂದಳು. “ಜಾದೂಗಾರನ ಥರ ನಿನ್ನ ಗಂಟಲಿಂದ ಅಮ್ಮನ್ನ ತೆಗೆದು ತೋರ್ಸಿದೆ, ನಾನು ಚಪ್ಪಾಳೆ ಹೊಡೀಲಿಲ್ಲ ಅಷ್ಟೆ.”

“ನಿಂಗೆ ಬೇಜಾರಾಗಬಾರದು ಅಂತ...”

“ಆ ಹೆಡ್‌ಮಾಸ್ಟರ್ ಎಲ್ಲಿ?”

“ಯಾವ ಹೆಡ್‌ಮಾಸ್ಟರ್?”

“ನನ್ನ ಚರಣದ ಮೇಲೆ ಕೂತವನು. ಎಸೆದೆಯಾ?”

ಎಸೆದಿರಲಿಲ್ಲ. ಕತ್ತರಿಸಿದ ತುಂಡುಗಳನ್ನೂ ಇಟ್ಟುಕೊಳ್ಳುವುದು ನಮ್ಮ ಕಸುಬಿನ ನಿಯಮ. ಇಸ್ತ್ರಿ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ತುಂಡನ್ನು ಹಾಕಿದೆ.

ಒಡೆಯದ ಕೀಚು ದನಿಯ ಹೆಡ್‌ಮಾಸ್ಟರ್ ಗದರಿಸಿದರು, “ಏಯ್! ಹಿಂದಿನ ಬೆಂಚು! ಎದ್ದು ನಿಲ್ಲು! ಏನು ಗುಸುಗುಸು?” ದೂರದಲ್ಲಿ ಹೊಲಿಗೆ ಮಷೀನಿನ ಸದ್ದು. ಆ ಸದ್ದು ನಿಂತಿತು. “ಯಾರೋ ಅದು?” ಅಮ್ಮನ ದನಿ. “ಹೆಡ್‌ಮಾಸ್ಟರು ನಮ್ಮನೆಗೇ ಬಂದುಬಿಟ್ರಾ? ಕೂತ್ಕೊಳ್ಳಿ ಸಾರ್, ಕಾಲರ್ ಬಟನ್ ಬಿದ್ದುಹೋಗಿದೆ, ಹಾಕ್ಕೊಡ್ತೀನಿ!” ಆಮೇಲೆ ನಗು. ತಡೆಯಲಾರದ, ಏದುಸಿರಿನ, ಕೆಮ್ಮಿಗೆ ತಿರುಗಿದ ನಗು. “ಸಾಕು ಕಣೋ, ಹೊಟ್ಟೆ ನೋವು ಬಂತು...”

ತುಂಡು ಮುಗಿಯಿತು. ಅಕ್ಕನ ಕಣ್ಣು ಪರದೆಯ ಮೇಲೇ ಇತ್ತು.

“ಇದನ್ನ ಎರಡು ವರ್ಷ ಬಚ್ಚಿಟ್ಟಿದ್ಯಾ?”

“ಬಚ್ಚಿಟ್ಟದ್ದಲ್ಲ ಅಕ್ಕಾ. ಹಿನ್ನೆಲೆ ಸದ್ದು ಅಂತ ತೆಗೆದಿಟ್ಟಿದ್ದೆ.”

“ಅಮ್ಮ ಹಿನ್ನೆಲೆ ಸದ್ದಾ?”

ಅವಳು ಇನ್ನೊಮ್ಮೆ ಹಾಕಿಸಿ ಕೇಳಿದಳು. ಮತ್ತೊಮ್ಮೆ. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು. ರೋಗಿ ಮಾತ್ರೆ ನುಂಗಿದನೋ, ನಾಲಿಗೆಯ ಕೆಳಗಿಟ್ಟುಕೊಂಡನೋ ಎಂದು ನೋಡುವ ನೋಟ.

“ಮೊದಲೆರಡು ಚರಣ ಅಮ್ಮಂದೇ ತಾನೆ?”

“ಅಮ್ಮನಾಣೆ.”

“ಅಮ್ಮನಾಣೆ ನೀನು ಹಾಕ್ಬೇಡ. ಅಮ್ಮನ ದನೀನೇ ಹಾಕಿದೋನು ನೀನು.”

“ಅಕ್ಕಾ, ಉಸಿರಿದೆಯಲ್ಲ ಅದರಲ್ಲಿ! ನೀನೇ ಎಣಿಸಿದ್ದೀಯ, ಎಂಟು, ಒಂಬತ್ತು.”

“ಈಗ ಉಸಿರು ಬೇಕು ಅಂತ ನಿಂಗೂ ಗೊತ್ತಾಯ್ತಲ್ಲ. ನಾಳೆ ಅದನ್ನೂ ಹೊಲೀತೀಯ.” ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. “ಹಾಡು. ಇಲ್ಲೇ, ಈಗ್ಲೇ. ಗುಂಡಿ ಚರಣ. ಅಮ್ಮನ ಥರ.”

ಆಗ ತಿಳಿಯಿತು ನನಗೆ. ನಾನು ಅಮ್ಮನ ಹಾಗೆಯೇ ಹಾಡಿಬಿಟ್ಟರೆ ಅವಳ ಪಾಲಿಗೆ ಉಳಿದ ಎರಡು ಚರಣವೂ ಹೋದ ಹಾಗೆ. ಇನ್ನು ಮೇಲೆ ಯಾವ ಸಾಲನ್ನೂ ನಂಬಲಾರಳು. ಕೆಡಿಸಿ ಹಾಡಿದರೂ ಹಿಡಿದುಬಿಡುತ್ತಾಳೆ. ಗಂಟಲು ಸರಿ ಮಾಡಿಕೊಂಡೆ. ಕಣ್ಣು ಮುಚ್ಚಿ, ಇದ್ದ ಕಲೆಯನ್ನೆಲ್ಲ ಒಟ್ಟು ಮಾಡಿ, ಅಮ್ಮ ಉಸಿರೆಳೆಯುವ ಜಾಗಗಳನ್ನೂ ತಪ್ಪಿಸದೆ ಹಾಡಿದೆ. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದನ್ನೂ ಅವಳು ಎಣಿಸುತ್ತಿರಬಹುದು ಅನ್ನಿಸಿತು.

ಮುಗಿಸಿ ಕಣ್ಣು ತೆರೆದೆ. ಅಕ್ಕ ಲ್ಯಾಪ್‌ಟಾಪಿನಲ್ಲಿ ಅಮ್ಮನ ಗುಂಡಿ ಚರಣ ಹಾಕಿದಳು. ತಲೆ ಬಗ್ಗಿಸಿ ಕೇಳಿದಳು.

“ಇಲ್ಲ.”

“ಏನಿಲ್ಲ?”

“ನಿಂದು ಅಮ್ಮ ಅಲ್ಲ. ‘ಗುಂಡಿ’ ಅನ್ನೋದನ್ನ ಕೇಳು. ನೀನು ಬಾಯಿ ಪೂರ್ತಿ ತೆರೀತೀಯ. ಅಮ್ಮ ತುಟಿಯ ತುದಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹಾಡ್ತಿದ್ಲು. ಆ ಕಡೆ ತುಟಿ ತೆರೀತಾನೇ ಇರಲಿಲ್ಲ. ಇದ್ರಲ್ಲಿ ಅದು ಇದೆ. ನಿನ್ನದ್ರಲ್ಲಿಲ್ಲ.” ಹುಬ್ಬು ಗಂಟಾಯಿತು. “ಬೇಕಂತ ಕೆಡಿಸಿದ್ಯಾ?”

“ಇಲ್ಲ.”

“ಇನ್ನೊಂದ್ಸಲ.”

ಈಗ ಗುಟ್ಟು ಗೊತ್ತಾಗಿತ್ತಲ್ಲ, ತುಟಿಯ ಒಂದು ಬದಿ ಬಿಗಿಹಿಡಿದು ಹಾಡಿದೆ. ‘ಗುಂಡಿ’ ಬದಲು ಹಲ್ಲುನೋವಿನವನ ಮಾತು ಬಂತು. ಅಕ್ಕನ ಮೂಗಿನಿಂದ ಸಣ್ಣ ಸದ್ದು ಹೊರಟಿತು. ನಗುವೋ ಬೈಗುಳವೋ ಹೇಳಲಾರೆ. “ಇನ್ನೊಂದ್ಸಲ,” ಅಂದಳು. ಮೂರನೇ ಸಲವೂ ಆಗಲಿಲ್ಲ. ಆ ಸೂಜಿ ನನ್ನ ಬಾಯಿಗೆ ಬರಲೇ ಇಲ್ಲ.

“ನಿಂಗೆ ಅಮ್ಮ ಬರಲ್ಲ,” ಎಂದಳು ಅಕ್ಕ ಕೊನೆಗೆ, ಪರೀಕ್ಷೆಯ ಫಲಿತಾಂಶ ಓದುವ ಹಾಗೆ. ಅವಳ ಭುಜ ಇಳಿದದ್ದು ಕಂಡಿತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಮಿಮಿಕ್ರಿ ಕೆಟ್ಟದಾಗಿದೆ ಅಂತ ಒಬ್ಬರು ಹೇಳಿದ್ದಕ್ಕೆ ನನಗೆ ಖುಷಿಯಾಯಿತು.

ಅಲ್ಲೇ ನಮೂನೆ ತೆರೆದೆವು. ಆರನೇ ಪ್ರಶ್ನೆಗೆ, ‘ಸ್ವಲ್ಪ ಭಾಗ ಮಗನ ಧ್ವನಿ’ ಅಂತ ಬರೆದೆ.

“ಸ್ವಲ್ಪ ಅಂ‌ದ್ರೆ?” ಭುಜದ ಹಿಂದಿನಿಂದ ಅಕ್ಕ.

ಅಳಿಸಿ ಬರೆದೆ: ‘ಮೊದಲೆರಡು ಚರಣ ತಾಯಿಯದು. ಮೂರನೆಯ ಚರಣದ ನಲವತ್ತೆರಡು ಸೆಕೆಂಡು ಮಗನದು. ಮಗಳಿಗೆ ತಿಳಿಸದೆ ಸೇರಿಸಿದ್ದು.’

“ಕೊನೇ ವಾಕ್ಯ ಅವರು ಕೇಳಿಲ್ಲ,” ಅಂದೆ.

“ನಾನು ಕೇಳ್ತಿದೀನಿ. ಇರಲಿ.”

ಸಹಿ ಹಾಕಿದೆ. “ಇನ್ನಾದ್ರೂ ಹಕ್ಕು ವಾಪಸ್ ತಗೋತೀಯಾ?”

“ಯಾಕೆ ತಗೊಳ್ಳಲಿ? ಅರ್ಧ ನಂದು. ಆ ಮೂರನೇದನ್ನ ತೆಗೆದುಹಾಕು. ಅಲ್ಲಿ ಹೆಡ್‌ಮಾಸ್ಟರ್ ಬರಲಿ. ನಗೂ ಬರಲಿ. ಒಂದು ಕೆಮ್ಮೂ ತೊಳೀಬೇಡ.”

“ನಿನ್ನ ಚರಣ ಅಕ್ಕಾ ಅದು. ಎಲ್ಲೂ ಇಲ್ಲದ ಹಾಗಾಗುತ್ತೆ.”

“ಮಾತು ನಂಗೂ ಬರುತ್ತೆ. ನಾನೇ ಹೇಳ್ಕೋತೀನಿ.”

“ಹೇಳು, ಕೇಳೋಣ.”

ಅವಳು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಂಕುಳಿಗೆ ಸಿಕ್ಕಿಸಿದಳು. “ನಿನ್ನ ಮುಂದೆನಾ? ನನ್ನ ದನೀನೂ ಹೊತ್ಕೊಂಡು ಹೋಗ್ತೀಯ. ಹೊರಡು.”

ಬಾಗಿಲು ಮುಚ್ಚಿತು. ಮೆಟ್ಟಿಲ ಬಳಿ ನಿಂತೆ. ಒಳಗಿನಿಂದ ಏನೂ ಕೇಳಿಸಲಿಲ್ಲ, ಇಸ್ತ್ರಿಪೆಟ್ಟಿಗೆಯ ಸದ್ದೂ ಇಲ್ಲ. ಬಾಗಿಲಿನ ಆ ಕಡೆ ಅವಳೂ ಕಿವಿಗೊಟ್ಟು ನಿಂತಿದ್ದಾಳೆ, ನಾನು ಹೋದೆನೋ ಇಲ್ಲವೋ ಎಂದು. ಮೆಟ್ಟಿಲು ಹತ್ತುವ ಸದ್ದನ್ನು ನಿಂತಲ್ಲೇ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಮಾಡಲಿಲ್ಲ. ಅವಳಿಗೆ ಚೆನ್ನಾಗಿ ಕೇಳಿಸಲೆಂದು ಒಂದೊಂದು ಮೆಟ್ಟಿಲಿಗೂ ಚಪ್ಪಲಿ ಬಡಿಯುತ್ತಾ, ನಿಜವಾಗಿಯೂ ಎರಡು ಮಹಡಿ ಹತ್ತಿ, ನನ್ನ ಮನೆಯ ಬಾಗಿಲನ್ನು ಜೋರಾಗಿ ಹಾಕಿಕೊಂಡೆ.